ಐದನೇ ನುಡಿ

೬ ಜನವರಿ ೧೯೫೭, ಭಾನುವಾರ

ಮಂಡಿಪೇಟೆಯ ಪುಟ್ಟರಂಗಯ್ಯನವರು ಹೊಸ ವರ್ಷಕ್ಕೆ ಅಂತ ಈ ಡೈರಿ ಕೊಟ್ಟರು. ಅವರದು ಗ್ರಾಮಫೋನು, ಪ್ಲೇಟು, ಮೈಕ್ ಸೆಟ್ಟಿನ ಅಂಗಡಿ. "ದೊಡ್ಡ ಗಾಯಕರಾಗೋರು ಸ್ವಾಮಿ ನೀವು, ಎಲ್ಲಾ ಬರೆದಿಟ್ಕೊಳ್ಳಿ, ಮುಂದಕ್ಕೆ ಬೇಕಾಗ್ತದೆ" ಅಂದರು. ಗೇಲಿಯೋ ನಿಜವೋ ತಿಳಿಯಲಿಲ್ಲ. ಅವರ ಮುಖ ಎರಡಕ್ಕೂ ಒಂದೇ ಥರ ಇರುತ್ತೆ. ಐದು ದಿನ ಖಾಲಿ ಬಿಟ್ಟು ಇವತ್ತು ಶುರು ಮಾಡುತ್ತಿದ್ದೇನೆ, ಯಾಕೆಂದರೆ ಬರೆಯುವಂಥದ್ದು ನಡೆದಿದೆ. ನಿನ್ನೆ ಮದರಾಸಿನ ಪ್ಲೇಟ್ ಕಂಪನಿಯಿಂದ ಕಾಗದ ಬಂತು. ಫೆಬ್ರವರಿ ಹನ್ನೊಂದಕ್ಕೆ ಬರಬೇಕಂತೆ. ಒಂದು ಪ್ಲೇಟು, ಎರಡು ಮುಖ, ಎರಡು ಹಾಡು. ಹಳೇ ಕೃತಿಗಳು ಬೇಡವಂತೆ, ಹೊಸದೇ ಬೇಕಂತೆ.

ನಮ್ಮ ತಾತ ಗುಬ್ಬಿಯಲ್ಲಿ ಹರಿಕಥೆ ಮಾಡುತ್ತಿದ್ದವರು. ಅಪ್ಪ ವೆಂಕಟೇಶಯ್ಯ ಪಿಟೀಲು ಮೇಷ್ಟ್ರು, ತುಮಕೂರಿಗೆ ಬಂದು ಚಿಕ್ಕಪೇಟೆಯ ಅರ್ಧ ಹುಡುಗಿಯರಿಗೆ ಸರಳೆ ವರಸೆ ಹೇಳಿಕೊಟ್ಟು ಕಿವಿ ಸವೆಸಿಕೊಂಡವರು. ಇಬ್ಬರ ಸಂಗೀತವೂ ಯಾವ ಪ್ಲೇಟಿಗೂ ಹತ್ತಲಿಲ್ಲ. ಇಪ್ಪತ್ತಮೂರಕ್ಕೆ ನಾನು ಹತ್ತುತ್ತೇನೆ. ನಾನೇ ಬರೆದ ಹಾಡು ನಾಲ್ಕು ಸಿದ್ಧವಾಗಿವೆ. ಎರಡರಲ್ಲಿ ಚಂದ್ರ ಇದ್ದಾನೆ, ಒಂದರಲ್ಲಿ ತಾವರೆ ಇದೆ, ನಾಲ್ಕನೆಯದರಲ್ಲಿ ಎರಡೂ ಇವೆ.

ಮೊದಲು ಹೋಗಿ ಅತ್ತೆಗೆ ಹೇಳಿದೆ. ಅಲಮೇಲತ್ತೆ ಅಪ್ಪನ ತಂಗಿ. ಹದಿನೈದಕ್ಕೆ ಕುಣಿಗಲಿನ ಗಂಡನ ಮನೆಗೆ ಹೋದವಳು, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ವಾಪಸು ಬಂದಳು. ನಮ್ಮಮ್ಮ ನನ್ನನ್ನು ಹೆತ್ತ ತಿಂಗಳೊಳಗೆ ಹೋದಳು, ಸಾಕಿದ್ದು ಅತ್ತೆಯೇ. ನನಗೆ ಸ್ವರಜ್ಞಾನ ಬಂದದ್ದು ಅಪ್ಪನ ಪಿಟೀಲಿನಿಂದ ಅಂತ ಊರಿನವರು ತಿಳಿದಿದ್ದಾರೆ. ಅದು ಬಂದದ್ದು ಅತ್ತೆ ರುಬ್ಬುಗುಂಡು ತಿರುಗಿಸುತ್ತಾ ಗುನುಗುತ್ತಿದ್ದ ಹಾಡುಗಳಿಂದ. ಕಾಗದ ತೋರಿಸಿದೆ. ಮಡಿಯಲ್ಲಿದ್ದಳು, ಮುಟ್ಟದೆ ದೂರದಿಂದಲೇ ಕಣ್ಣಾಡಿಸಿದಳು. ಇಂಗ್ಲಿಷು, ಅವಳಿಗೇನು ಅರ್ಥವಾಗಬೇಕು. "ಅಷ್ಟು ದೂರ ಹೋಗಿ ಹಾಡಬೇಕೇನೋ? ಇಲ್ಲಿಂದಲೇ ಕೂಗಿದ್ರೆ ಕೇಳಲ್ವಾ ಅವರಿಗೆ, ನಿನ್ನ ಗಂಟಲಿಗೆ?" ಅಂದಳು. ಇಬ್ಬರೂ ನಕ್ಕೆವು.

೨೦ ಜನವರಿ, ಭಾನುವಾರ

ನನ್ನ ನಾಲ್ಕೂ ಹಾಡನ್ನು ಪುಟ್ಟರಂಗಯ್ಯನವರ ಅಂಗಡಿಯಲ್ಲಿ ಹಾಡಿ ತೋರಿಸಲು ಹೋದೆ. ಕಂಪನಿಗೆ ನನ್ನ ಹೆಸರು ಹೇಳಿದವರು ಅವರೇ ಆದ್ದರಿಂದ ತೋರಿಸಬೇಕಾಯಿತು. ಮೂರನೆಯದಕ್ಕೇ ಕೈ ಎತ್ತಿದರು. "ಚಂದ್ರ ಸಾಕು ಬುಡಿ ಸ್ವಾಮಿ. ಸಿನಿಮಾದೋರು ಅವನ್ನ ಸವೆಸಿ ಇಟ್ಟವ್ರೆ" ಅಂದರು. ಮೈ ಉರಿದುಹೋಯಿತು. ಹಾರ್ಮೋನಿಯಂ ಮುಚ್ಚುವಾಗ ಸುಮ್ಮನೆ ಅತ್ತೆಯ ಒಂದು ಹಸೆ ಹಾಡು ಬಾಯಿಗೆ ಬಂತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ಸಲ ಹಾಡಿಸಿದರು. "ಇದ್ಯಾವುದು? ಇದು ಪ್ಲೇಟಾದ್ರೆ ತುಮಕೂರಿಂದ ತಿಪಟೂರ್ಗಂಟ ಒಂದು ಚಪ್ಪರಾನೂ ಬುಡಲ್ಲ ನಾನು, ಎಲ್ಲಾ ಕಡೆ ಹಾಕಿಸ್ತೀನಿ" ಅಂದರು.

ಅತ್ತೆಯ ಹಾಡುಗಳ ಕಥೆಯೇ ಬೇರೆ. ಗುಬ್ಬಿ, ಹೆಬ್ಬೂರು, ಕುಣಿಗಲು, ಎಲ್ಲಿ ಮದುವೆ ಗೊತ್ತಾದರೂ ಎಂಟು ದಿನ ಮುಂಚೆ ಹೆಂಗಸರು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಾರೆ. ಮದುವೆ ಹೆಣ್ಣನ್ನು ಹಸೆಮಣೆಗೆ ಕರೆಯುವ ಹಾಡು ಬೇಕು ಅನ್ನುತ್ತಾರೆ. ಅತ್ತೆ ಹಿತ್ತಲಲ್ಲಿ ಚಾಪೆ ಹಾಸಿ ಕೂರಿಸಿಕೊಂಡು ಕಟ್ಟಿಕೊಡುತ್ತಾಳೆ, ತಪ್ಪಿಲ್ಲದೆ ಬರುವತನಕ ಹೇಳಿಕೊಡುತ್ತಾಳೆ. ಆಮೇಲೆ ಅವರು ಮದುವೆಗೆ ಹೋಗುತ್ತಾರೆ, ಅತ್ತೆ ಅಡಿಗೆಮನೆಗೆ ಹೋಗುತ್ತಾಳೆ. ಹಸೆಯ ಮುಂದೆ ಅವಳು ಹಾಡುವುದಿರಲಿ, ಸುಳಿಯುವ ಹಾಗೂ ಇಲ್ಲ. ಹಾಡು ಶುಭ, ಕಟ್ಟಿದವಳು ಅಶುಭ. ಇದು ಯಾವ ನ್ಯಾಯವೋ ನನಗೆ ಚಿಕ್ಕಂದಿನಿಂದಲೂ ಅರ್ಥವಾಗಿಲ್ಲ, ಸಿಟ್ಟು ಬರುತ್ತೆ.

ಸಂಜೆ ಕೇಳಿದೆ. "ಅತ್ತೆ, ನಿನ್ನ ಹೊಸಿಲಿನ ಹಾಡು ಪ್ಲೇಟಿಗೆ ಹಾಡಲಾ?" ದಂಟಿನ ಸೊಪ್ಪು ಬಿಡಿಸುತ್ತಿದ್ದಳು. "ಹಾಡ್ಕೋ. ನಿಂಗಲ್ದೆ ಇನ್ಯಾರಿಗೆ ಕೊಡ್ಲಿ" ಅಂದಳು. ನಿನ್ನ ಹೆಸರು ಹಾಕಿಸುತ್ತೇನೆ ಅಂದೆ. ಗಾಬರಿಯಾದಳು. "ಬೇಡ ಕಣೋ. ಮದುವೆ ಹಾಡಿನ ಮೇಲೆ ನನ್ನ ಹೆಸರಿದ್ರೆ ಯಾರು ಒಳಗೆ ಬಿಟ್ಕೋತಾರೆ ಅದನ್ನ? ಹೆಸರು ಗಿಸರು ಏನೂ ಬೇಡ. ಐದನೇ ನುಡಿ ಮಾತ್ರ ಬಿಡಬೇಡ" ಅಂದಳು.

ನಾವು ಚರಣ ಅನ್ನುವುದನ್ನು ಹೆಂಗಸರು ನುಡಿ ಅನ್ನುತ್ತಾರೆ. ಅತ್ತೆಯ ಎಲ್ಲ ಹಾಡುಗಳ ಕೊನೆಯ ನುಡಿಯಲ್ಲೂ ಏರಿಯ ರಂಗ ಬರುತ್ತಾನೆ, ಅದು ಅವಳ ಅಂಕಿತ. ಕುಣಿಗಲ ಕೆರೆ ಏರಿಯ ಮೇಲೆ ಒಂದು ಪುಟ್ಟ ಗುಡಿ ಇತ್ತಂತೆ, ಗಂಡನ ಮನೆಯಲ್ಲಿದ್ದ ಆ ಒಂದು ವರ್ಷ ಶನಿವಾರ ಶನಿವಾರ ಹೋಗುತ್ತಿದ್ದಳಂತೆ. ಈ ಹಾಡು ಶುರುವಾಗುವುದು ಹೀಗೆ:

ಮೆಲ್ಲಗೆ ಬಾರಮ್ಮ ಹಸೆಗೆ, ಮಗಳೆ,
ಹೊಸಿಲಿಗೆ ಅವಸರವಿಲ್ಲ

ಐದನೇ ನುಡಿ ಹೀಗೆ:

ಹಸೆಯ ಕಾಣದ ಕಣ್ಣು ಕಟ್ಟಿದ ಹಾಡಿದು,
ಏರಿಯ ರಂಗನೆ ಬಲ್ಲ

ಇದನ್ನು ಬಿಡುವುದುಂಟೇ? ಮಾತು ಕೊಟ್ಟೆ.

೨ ಫೆಬ್ರವರಿ, ಶನಿವಾರ

ಸಾಧನೆ ಚೆನ್ನಾಗಿ ನಡೆದಿದೆ. ಹಾಡನ್ನು ಆನಂದಭೈರವಿಯಲ್ಲಿ ಕೂರಿಸಿದ್ದೇನೆ ಅಂತ ಅತ್ತೆಗೆ ಹೇಳಿದೆ. "ಅದು ಮೊದಲಿಂದಲೂ ಅಲ್ಲೇ ಕೂತಿತ್ತಲ್ಲೋ, ನೀನು ಈಗ ನೋಡ್ದೆ" ಅಂದಳು. ನಿಜ. ಆದರೆ ಮೊದಲಲ್ಲಿ ಒಂದು ಪುಟ್ಟ ಆಲಾಪನೆ, ನುಡಿಗಳ ನಡುವೆ ಹಾರ್ಮೋನಿಯಂ, ಇವು ನನ್ನವು. ಹಿಂದಿನ ಮುಖಕ್ಕೆ ನನ್ನ ತಾವರೆ ಹಾಡು. ಪುಟ್ಟರಂಗಯ್ಯನವರು ಒಪ್ಪಿದ್ದಾರೆ. "ಒಂದು ಮುಖ ನಿಮ್ಮ ಖುಷಿಗೆ ಇರ್ಲಿ" ಅಂದರು.

೧೧ ಫೆಬ್ರವರಿ, ಸೋಮವಾರ. ಮದರಾಸು

ಮುಗಿಯಿತು.

ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ. ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗಿಲ್ಲ. ಅಲ್ಲಿನ ಅಧಿಕಾರಿ ತಮಿಳರು, ಕನ್ನಡ ಅಷ್ಟಿಷ್ಟು ಬರುತ್ತೆ. ಗಡಿಯಾರ ಹಿಡಿದು ಕೂತರು. ಪ್ಲೇಟಿನ ಒಂದು ಮುಖಕ್ಕೆ ಹಿಡಿಯುವುದು ಮೂರೂಕಾಲು ನಿಮಿಷವಂತೆ. ನನ್ನದು ನಾಲ್ಕಕ್ಕೆ ಬಂತು. ಬೇಗ ಹಾಡಿ ಅಂದರು. ಬೇಗ ಹಾಡಿದರೆ ಮೆಲ್ಲಗೆ ಬಾರಮ್ಮ ಅನ್ನುವುದು ಬಸ್ಸಿಗೆ ಓಡಿ ಬಾರಮ್ಮ ಅಂದಂತಾಯಿತು. ಹಾಗಾದರೆ ಒಂದೋ ಮೊದಲಿನ ಆಲಾಪನೆ, ನಡುವಿನ ಹಾರ್ಮೋನಿಯಂ ಬಿಡಿ, ಇಲ್ಲವೋ ಒಂದು ಚರಣ ಬಿಡಿ, ನಿಮ್ಮಿಷ್ಟ ಅಂದರು.

ಎಲ್ಲ ಚರಣಗಳೂ ಒಂದರ ಕೈ ಒಂದು ಹಿಡಿದುಕೊಂಡಿವೆ. ಹುಡುಗಿ ಕೋಣೆಯಿಂದ ಎದ್ದು ನಾಲ್ಕನೆಯದರಲ್ಲಿ ಹಸೆಗೆ ಬಂದು ಕೂರುತ್ತಾಳೆ. ಬಿಡುವುದಾದರೆ ಐದನೆಯದನ್ನೇ ಬಿಡಬೇಕು, ಇಲ್ಲವೇ ಆಲಾಪನೆ. ಆಲಾಪನೆ ಇಲ್ಲದಿದ್ದರೆ ನಾನು ಸಂಗೀತ ಕಲಿತವನು ಅಂತ ಯಾರಿಗೆ ಗೊತ್ತಾಗುತ್ತೆ? ಹಸೆ ಮುಂದೆ ಹಾಡುವ ಯಾವಳೋ ಹೆಂಗಸಿಗೂ ನನಗೂ ವ್ಯತ್ಯಾಸ ಏನು? ಇದು ಮೊದಲ ಪ್ಲೇಟು. ನಾನು ಯೋಚನೆ ಮಾಡಿದೆ. ಮಾಡಲಿಲ್ಲ ಅನ್ನಬಾರದು. ಆಮೇಲೆ ಆಲಾಪನೆ ಇಟ್ಟುಕೊಂಡೆ.

ಮುಗಿದ ಮೇಲೆ ಒಂದು ಫಾರಂ ತಂದರು. ಹಾಡಿದವರು ಪಟ್ಟಾಭಿರಾಮ. ಸಂಗೀತ ಪಟ್ಟಾಭಿರಾಮ. "ಸಾಹಿತ್ಯ ಯಾರ್ದು? ಓನ್ ಆ?" ಅಂದರು. "ಮನೇದೇ ಸಾರ್" ಅಂದೆ. ನಮ್ಮಲ್ಲಿ ಯಾರಾದರೂ ಮನೇದೇ ಅಂದರೆ ಮನೆಯಲ್ಲಿ ಯಾರೋ ಮಾಡಿದ್ದು ಅಂತ. ಉಪ್ಪಿನಕಾಯಿಗೂ ಹಾಗೇ ಅನ್ನುತ್ತೇವೆ. ಅವರು ಓನ್ ಅಂತ ತಿಳಿದು ಮೂರನೇ ಸಲವೂ ನನ್ನ ಹೆಸರನ್ನೇ ಬರೆದರು. ಸರಿಪಡಿಸೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಮುಂದಿನ ಸರದಿಯ ಓಲಗದವರು ಒಳಗೆ ಬಂದರು. ಊರಿಗೆ ಹೋಗಿ ಕಾಗದ ಬರೆದರಾಯಿತು.

೧೪ ಫೆಬ್ರವರಿ, ಗುರುವಾರ

ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಕೇಳಿದಳು. "ಐದೂ ಹಿಡೀತೇನೋ?"

ಹ್ಞೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ದಣಿವಾಗಿತ್ತು. ನನಗೆ ಅಂತ ಇಟ್ಟಿದ್ದ ಕೋಡುಬಳೆ ತಂದುಕೊಟ್ಟಳು. ತಿನ್ನಲಾಗಲಿಲ್ಲ.

೯ ಮಾರ್ಚ್, ಶನಿವಾರ

ಕಂಪನಿಯಿಂದ ಲೇಬಲ್ಲಿನ ನಕಲು ಬಂದಿದೆ. ತಪ್ಪಿದ್ದರೆ ತಿದ್ದಿ ವಾರದೊಳಗೆ ಕಳಿಸಿ ಅಂತಿದೆ. ಸಾಹಿತ್ಯದ ಎದುರು ನನ್ನ ಹೆಸರು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಏನು ಹಾಕಿಸ್ಬೇಕು ಅಂತಿದೀಯಾ?"

"ಅಲಮೇಲಮ್ಮ ಅಂತ."

"ಯಾರದು ಅಂತ ಕೇಳ್ತಾರೆ. ತಲೆ ಬೋಳಿಸಿದ ಹೆಂಗಸು ಕಟ್ಟಿದ ಹಾಡು ಅಂತ ಗೊತ್ತಾದ್ರೆ ಹೆಣ್ಣು ಹೆತ್ತೋರು ಯಾರಾದ್ರೂ ಹಾಕಿಸ್ತಾರೇನೋ ಅದನ್ನ ಮದುವೆ ಮನೇಲಿ? ಪುಟ್ಟರಂಗಯ್ಯನ್ನೇ ಕೇಳು. ಅವಳೇ ಬೇಡ ಅಂದಿದಾಳಲ್ಲ."

ಬೇಡ ಅಂದದ್ದು ನಿಜ. ಏನೂ ಹಾಕದೆ ಖಾಲಿ ಬಿಡಿಸಬಹುದು ಅಂತಲೂ ಹೊಳೆಯಿತು. ಖಾಲಿ ಬಿಟ್ಟರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ಅಲ್ಲದೆ ಮೂರನೇ ನುಡಿಯಲ್ಲಿ ಬಳೆ ಅಂತ ಇದ್ದದ್ದನ್ನು ಕಂಕಣ ಅಂತ ತಿದ್ದಿದವನು ನಾನು. ಎರಡು ಕಡೆ ದೀರ್ಘ ಎಳೆದವನು ನಾನು. ಪೂರ್ತಿ ಅತ್ತೆಯದು ಅನ್ನುವುದೂ ಸುಳ್ಳೇ ಆಗುತ್ತೆ. ಸರಿಯಿದೆ ಅಂತ ರುಜು ಹಾಕಿ ಕಳಿಸಿದೆ.

೨೮ ಏಪ್ರಿಲ್, ಭಾನುವಾರ

ಪ್ಲೇಟು ಬಂತು.

ಪುಟ್ಟರಂಗಯ್ಯನವರು ಗ್ರಾಮಫೋನನ್ನು ತಾವೇ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ನಡುಮನೆಯಲ್ಲಿ ಇಟ್ಟರು. ಅಪ್ಪ ಪಂಚೆ ಬದಲಾಯಿಸಿಕೊಂಡು ಬಂದು ಕೂತರು. ಅತ್ತೆ ಅಡಿಗೆಮನೆ ಬಾಗಿಲ ಹಿಂದೆ ನಿಂತಳು. ಕೀ ಕೊಟ್ಟು ಮುಳ್ಳು ಇಟ್ಟರು. ನನ್ನ ಆಲಾಪನೆ ಬಂತು. ನನ್ನ ಧ್ವನಿ ನನ್ನ ಮನೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದಾಗ ಕೇಳಿಸುತ್ತಿದೆ. ಮೈ ಜುಂ ಅಂತು. ಅಪ್ಪನ ಕಣ್ಣಲ್ಲಿ ನೀರು.

ಅತ್ತೆ ತುಟಿಯಲ್ಲೇ ಜೊತೆಗೆ ಹಾಡಿಕೊಳ್ಳುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕಾದ ಮೇಲೆ ಪಲ್ಲವಿ, ಆಮೇಲೆ ಮುಳ್ಳು ಗರಗರ ಅಂತು. ಪುಟ್ಟರಂಗಯ್ಯನವರು ಎತ್ತಿದರು. ಅತ್ತೆಯ ತುಟಿ ಇನ್ನೂ ಆಡುತ್ತಿತ್ತು. ಆಮೇಲೆ ನಿಂತಿತು.

"ಆಯ್ತಾ?" ಅಂದಳು.

"ಆಯ್ತು ಅತ್ತೆ. ಮೂರೂಕಾಲು ನಿಮಿಷಕ್ಕೆ ಮೇಲೆ ಹಿಡಿಯಲ್ಲವಂತೆ."

ಬಾಗಿಲ ಹಿಂದಿನಿಂದ ಬಂದು ಪ್ಲೇಟನ್ನು ಕೈಗೆ ತೆಗೆದುಕೊಂಡಳು. ಲೇಬಲ್ಲು ಕನ್ನಡದಲ್ಲೂ ಇದೆ. ಅವಳು ಕೂಡಿಸಿ ಕೂಡಿಸಿ ಓದುತ್ತಾಳೆ. ಸಾಹಿತ್ಯ, ಸಂಗೀತ, ಗಾಯನ, ಜಿ. ವಿ. ಪಟ್ಟಾಭಿರಾಮ. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. "ಅಕ್ಷರ ಮುದ್ದಾಗಿದೆ" ಅಂದು ಕೊಟ್ಟಳು. ಬಾವಿಗೆ ಹೋಗಿ ನೀರು ಸೇದತೊಡಗಿದಳು. ಹಂಡೆ ಮೊದಲೇ ತುಂಬಿತ್ತು. ನನಗೆ ನಾಚಿಕೆಯಾಯಿತು. ಇವತ್ತಿನ ದಿನ ಹೀಗಾಗಬಾರದಿತ್ತು. ಎರಡು ಮಾತು ಬೈದಿದ್ದರೆ ಎಷ್ಟೋ ವಾಸಿ.

೧೨ ಮೇ, ಭಾನುವಾರ

ಸೋಮೇಶ್ವರಪುರದಲ್ಲಿ ಒಂದು, ಚಿಕ್ಕಪೇಟೆಯಲ್ಲಿ ಎರಡು, ಗುಬ್ಬಿಯಲ್ಲಿ ಒಂದು. ಎಲ್ಲ ಮದುವೆಗಳಲ್ಲೂ ಅದೇ ಹಾಡು. ಬೆಳಿಗ್ಗೆ ಅಮಾನಿಕೆರೆ ಏರಿಯ ಮೇಲೆ ಹೋಗುತ್ತಿದ್ದರೆ ಊರಿನ ಮೂರು ದಿಕ್ಕಿನಿಂದ ಮೂರು ಮೈಕು ಒಂದು ಸಾಲು ಹಿಂದು ಮುಂದಾಗಿ ನಮ್ಮ ಹಾಡು ಹಾಡುತ್ತಿದ್ದವು. ಹಿಂದಿನ ಮುಖದ ತಾವರೆಯನ್ನು ಯಾರೂ ಹಾಕುವುದಿಲ್ಲ. ಒಂದು ಕಡೆ ನಾನೇ ಹೇಳಿ ಹಾಕಿಸಿದೆ. ಅರ್ಧಕ್ಕೆ ಯಾರೋ ತಿರುಗಿಸಿಬಿಟ್ಟರು.

೨೪ ಮೇ, ಶುಕ್ರವಾರ

ಗುಬ್ಬಿಯ ಮಹಾಲಕ್ಷ್ಮಮ್ಮನವರು ಬಂದಿದ್ದರು. ಅವರ ಮನೆಯಲ್ಲಿ ಯಾವ ಮದುವೆಯಾದರೂ ಅತ್ತೆಯ ಹತ್ತಿರ ಹಾಡು ಕಲಿಯಲು ಹಿತ್ತಲ ಬಾಗಿಲಿಗೆ ಬರುವವರು. ಅವರು ಬೀದಿ ತಿರುವಿನಲ್ಲಿ ಕಂಡ ಕೂಡಲೇ ಅತ್ತೆ ಹಿತ್ತಲಲ್ಲಿ ಚಾಪೆ ಹಾಸಿದರು. ಮಹಾಲಕ್ಷ್ಮಮ್ಮನವರು ಈ ಸಲ ಮುಂಬಾಗಿಲಿಗೇ ಬಂದರು. ನನ್ನನ್ನು ಕೇಳಿಕೊಂಡು ಬಂದಿದ್ದರು. ಪ್ಲೇಟಿನ ಮೇಲೆ ರುಜು ಬೇಕಂತೆ. ಅತ್ತೆಗೆ, "ಇನ್ನು ಕಲಿಯೋ ಕಷ್ಟ ಇಲ್ಲ ಅಲಮೇಲಮ್ಮ, ಮೈಕಿನೋರೇ ಹಾಕ್ಬಿಡ್ತಾರೆ. ನಮಗೂ ಗಂಟಲು ಉಳೀತು" ಅಂದರು. ಅತ್ತೆ "ಒಳ್ಳೇದಾಯ್ತು" ಅಂದು ಕಾಫಿ ಮಾಡಿಕೊಟ್ಟರು. ರುಜು ಹಾಕುವುದು ಇನ್ನೂ ಸರಿಯಾಗಿ ಬರುವುದಿಲ್ಲ, ಇಂಕು ಜಾರುತ್ತೆ. ಚಾಪೆ ಸಂಜೆಯವರೆಗೆ ಹಿತ್ತಲಲ್ಲೇ ಬಿದ್ದಿತ್ತು, ನಾನೇ ಸುತ್ತಿಟ್ಟೆ.

೨೧ ಜುಲೈ, ಭಾನುವಾರ

ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಬಂದಿದೆ. 'ಹೆಣ್ಣಿನ ಮನಸ್ಸನ್ನು ಒಳಹೊಕ್ಕು ಬರೆದ ತರುಣ ಕವಿ' ಅಂತ. ಕತ್ತರಿಸಿ ಇಲ್ಲಿ ಅಂಟಿಸಿದ್ದೇನೆ. ಹೆಂಗಸರ ನಡುವೆ ಬೆಳೆದದ್ದರಿಂದ ನನಗೆ ಅದು ಬಂದಿರಬೇಕು.

ಮನೆ ಈಗ ನಿಶ್ಶಬ್ದವಾಗಿದೆ. ಅತ್ತೆ ರುಬ್ಬುವಾಗ ಬರೀ ಕಲ್ಲಿನ ಶಬ್ದ. ಹಿಂದೆ ಸಾಧನೆಗೆ ಕೂತರೆ ಅವರ ಗುನುಗು ಅಡ್ಡ ಬಂದು ನನ್ನ ಶ್ರುತಿ ಅಲ್ಲಾಡುತ್ತಿತ್ತು. ಈಗ ಅನುಕೂಲವಾಗಿದೆ.

೬ ಅಕ್ಟೋಬರ್, ಭಾನುವಾರ

ಕಂಪನಿಯವರು ಇನ್ನೊಂದು ಪ್ಲೇಟು ಮಾಡೋಣ ಅಂದಿದ್ದಾರೆ. ಮೊದಲಿನ ಹಾಗೇ ಮದುವೆಯದೇ ಬೇಕು, ಮೊದಲಿನವರೇ ಬರೆಯಬೇಕು, ಅಂತ ಷರತ್ತು. ಹದಿನೈದು ದಿನ ಕೂತೆ. ಹಸೆ, ಹೊಸಿಲು, ಬಾಳೆಕಂಬ, ಎಲ್ಲ ಬರುತ್ತೆ, ಹಾಡು ಬರುವುದಿಲ್ಲ. ಮದರಾಸಿನಿಂದ ಬಂದ ಮೇಲೆ ಆಯಾಸ ಹೋಗಲೇ ಇಲ್ಲ, ಅದೇ ಕಾರಣ.

ಸಂಜೆ ಅತ್ತೆಯ ಹತ್ತಿರ ಹೋದೆ. "ಅತ್ತೆ, ನೀವು ಆ ಆರತಿ ಹಾಡು ಒಂದು ಹೇಳ್ತಿದ್ರಲ್ಲ, ಹೆಬ್ಬೂರಿನವರಿಗೆ ಕಟ್ಟಿಕೊಟ್ಟದ್ದು, ಬರೆದುಕೊಳ್ತೀನಿ ಹೇಳಿ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾವಾಗಿಂದಲೋ ಪಟ್ಟಾಭಿ, ನಾನು ನಿಂಗೆ ನೀವು ಆದದ್ದು?" ಅಂದರು.

ನನಗೆ ಗೊತ್ತೇ ಆಗಿರಲಿಲ್ಲ. ಹಿರಿಯರು, ಗೌರವ ಕೊಟ್ಟರೆ ತಪ್ಪೇನು. ಹಾಡಿನ ಮಾತಿಗೆ "ಮರೆತುಹೋಯ್ತು" ಅಂದರು. ಮರೆಯುವವರಲ್ಲ. ಮೂವತ್ತು ವರ್ಷದ ಹಿಂದಿನ ಬೀಗರ ಊಟದ ಪಟ್ಟಿ ನೆನಪಿದೆ ಅವರಿಗೆ. ಬೇಕೆಂದೇ ಹೇಳುತ್ತಿಲ್ಲ. ಸಾಕಿದವರಿಗೇ ನಾನು ಮುಂದೆ ಬರುವುದು ಬೇಡವಾದರೆ ಇನ್ನು ಯಾರಿಗೆ ಬೇಕು? ಸಿಟ್ಟಿನಲ್ಲಿ ಊಟ ಬಿಟ್ಟೆ. ಯಾರೂ ಕರೆಯಲಿಲ್ಲ.

೩ ನವೆಂಬರ್, ಭಾನುವಾರ

ಬರೆದೆ. ಹರಿದೆ.

೨೨ ಡಿಸೆಂಬರ್, ಭಾನುವಾರ

ಅಪ್ಪ ಕೇಳಿದರು, ಅಲಮೇಲು ಯಾಕೋ ಹಾಡೋದೇ ಬಿಟ್ಟಿದ್ದಾಳೆ, ಮೈ ಗಿಯ್ ಸರಿ ಇಲ್ವೇನೋ ಅಂತ. ವಯಸ್ಸಾಯಿತು ಅಂದೆ. ನಲವತ್ತೆಂಟು ಒಂದು ವಯಸ್ಸೇನೋ ಅಂದರು. ಲೇಬಲ್ಲಿನ ವಿಚಾರ ಎತ್ತುತ್ತಾರೇನೋ ಅಂತ ನಾನು ಎದ್ದುಹೋದೆ. ಹಾಗೆ ಹೆದರಬೇಕಾದ್ದು ಏನೂ ಇಲ್ಲ. ನನ್ನ ಹಾಡಿಗೆ ನನ್ನ ಹೆಸರಿದೆ, ಅಷ್ಟೆ.

೧೭ ಫೆಬ್ರವರಿ ೧೯೫೮, ಸೋಮವಾರ

ನಿನ್ನೆ ಕುಣಿಗಲಿನಲ್ಲಿ ಮದುವೆ. ಅತ್ತೆಯ ನಾದಿನಿ ಕೌಸಲ್ಯಮ್ಮನವರ ಮೊಮ್ಮಗಳದು. ನನ್ನನ್ನು ಕರೆದದ್ದು ಹಾಡುವುದಕ್ಕೆ, ಅತ್ತೆಯನ್ನು ಕರೆದದ್ದು ಮಡಿ ಅಡಿಗೆಗೆ. ನನಗೆ ಚಪ್ಪರದ ಮುಂದೆ ಕುರ್ಚಿ ಹಾಕಿದ್ದರು. ಪಕ್ಕದಲ್ಲಿ ಅಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ಟರು, ಪತ್ರಿಕೆಯಲ್ಲಿ ನನ್ನ ಬಗ್ಗೆ ಓದಿದ್ದರಂತೆ. ಅತ್ತೆ ಬೆಳಿಗ್ಗೆಯಿಂದ ಹಿಂದಿನ ಕೊಟ್ಟಿಗೆಯ ಪಕ್ಕ ಒಲೆ ಮುಂದೆ ಇದ್ದರು.

ಹುಡುಗಿಯನ್ನು ಹಸೆಗೆ ಕರೆಯುವ ಹೊತ್ತಾಯಿತು. ಮೈಕಿನವನು ಪ್ಲೇಟು ಹಾಕಿದ. ನಾಲ್ಕು ಚರಣ ಆಗಿ ಮುಳ್ಳು ಎತ್ತಿದ. ಅಲ್ಲಿಗೆ ಮುಗಿಯಬೇಕು. ಆದರೆ ಹುಡುಗಿಯ ಹಿಂದೆ ಕಳಶ ಹಿಡಿದು ನಿಂತಿದ್ದ ಏಳೆಂಟು ಹೆಂಗಸರು ನಿಲ್ಲಿಸಲಿಲ್ಲ. ಮೈಕು ಇಲ್ಲ, ಹಾರ್ಮೋನಿಯಂ ಇಲ್ಲ, ಸೀದಾ ಹಳೇ ಧಾಟಿಯಲ್ಲಿ ಮುಂದುವರಿಸಿದರು. ಹಸೆಯ ಕಾಣದ ಕಣ್ಣು ಕಟ್ಟಿದ ಹಾಡಿದು, ಏರಿಯ ರಂಗನೆ ಬಲ್ಲ. ಚಪ್ಪರವೆಲ್ಲ ಅವರ ಕಡೆ ತಿರುಗಿತು.

"ಇದು ಪ್ಲೇಟಿನಲ್ಲಿಲ್ವಲ್ಲ ಸ್ವಾಮಿ? ಇದೂ ತಮ್ಮದೇನಾ?" ಅಂತ ಹೆಡ್‌ಮಾಸ್ಟರು ಕೇಳಿದರು.

"ಅಲ್ಲ. ಯಾರೋ ಸೇರಿಸಿರೋದು. ನಾನು ಬರೆದದ್ದು ನಾಲ್ಕೇ" ಅಂದೆ.

ಕೌಸಲ್ಯಮ್ಮನವರಿಗೆ ಅದು ಕೇಳಿಸಿತು. ಐವತ್ತು ದಾಟಿದರೂ ಕಿವಿ ಚುರುಕು. "ಸೇರಿಸಿದ್ದಾ? ಏನು ಹೇಳ್ತಿದೀಯಪ್ಪಾ? ನನ್ನ ಮಗಳ ಮದುವೆಗೆ ಅಲಮೇಲು ಕಟ್ಟಿಕೊಟ್ಟ ಹಾಡು ಇದು. ಆಗ ನೀನು ಅವಳ ಸೆರಗು ಹಿಡ್ಕೊಂಡು ಓಡಾಡ್ತಿದ್ದೆ. ಐದು ನುಡೀನೂ ಅವಳ ಬಾಯಿಂದಲೇ ಕಲಿತದ್ದು ನಾವು" ಅಂದರು. ಗಟ್ಟಿಯಾಗಿಯೇ ಅಂದರು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಏನೋ ಹೇಳಿದೆ, ಏನು ಅಂತ ನೆನಪಿಲ್ಲ. "ಅವಳು ಹಿಂದೇನೇ ಇದಾಳಲ್ಲ, ಬಾ, ಕೇಳೇಬಿಡೋಣ" ಅಂತ ಕೌಸಲ್ಯಮ್ಮನವರು ಎದ್ದರು. ಹೆಂಗಸರೂ ಹಿಂದೆ ಹೊರಟರು. ನಾನೂ ಹೋಗಬೇಕಾಯಿತು.

ಅತ್ತೆ ಬೂದುಗುಂಬಳಕಾಯಿ ಹೆಚ್ಚುತ್ತಾ ಕೂತಿದ್ದರು. ಅಲ್ಲಿಗೂ ಹಾಡು ಕೇಳಿಸಿದ್ದಿರಬೇಕು. ಕೌಸಲ್ಯಮ್ಮನವರು ಕೇಳಿದರು. "ಅಲಮೇಲು, ಹೊಸಿಲಿನ ಹಾಡು ಯಾರು ಕಟ್ಟಿದ್ದು? ನುಡಿ ನಾಲ್ಕೋ ಐದೋ? ನೀನೇ ಹೇಳು."

ಅತ್ತೆ ತಲೆ ಎತ್ತಿ ಎಲ್ಲರನ್ನೂ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ.

"ಪಟ್ಟಾಭಿ ಬರೆದದ್ದು ಕಣೇ. ನಾಲ್ಕೇ ನುಡಿ. ಪ್ಲೇಟಲ್ಲಿ ಇರೋದೇ ಸರಿ" ಅಂದರು.

"ಮತ್ತೆ ನನ್ನ ಮಗಳ ಮದುವೇಲಿ ಹಾಡಿದ್ದು?"

"ಅದ್ಯಾವುದೋ ಬೇರೆ. ನಿಂಗೆ ಜ್ಞಾಪಕ ತಪ್ಪಿದೆ ಕೌಸಲ್ಯ."

ಅಲ್ಲಿಗೆ ಮುಗಿಯಿತು. ಅವರೇ ಹೇಳಿದ ಮೇಲೆ ಇನ್ನು ಮಾತೇನಿದೆ? ಕೌಸಲ್ಯಮ್ಮನವರು ಹೆಂಗಸರ ಕಡೆ ತಿರುಗಿ, "ಇನ್ಮೇಲೆ ನಾಲ್ಕೇ ಹಾಡ್ರೇ" ಅಂದರು. ಎಲ್ಲರೂ ಹ್ಞೂಂ ಅಂದರು. ಪಾಪ, ವಯಸ್ಸಾದವರು, ಅವರ ಮೇಲೆ ನನಗೆ ಬೇಸರವೇನಿಲ್ಲ. ನನ್ನನ್ನು ಹೆಡ್‌ಮಾಸ್ಟರ ಜೊತೆ ಮೊದಲ ಪಂಕ್ತಿಗೆ ಕೂರಿಸಿದರು. ಅತ್ತೆ ಬಡಿಸುವ ಹಾಗಿಲ್ಲವಾದ್ದರಿಂದ ಆಮೇಲೆ ಅವರನ್ನು ನೋಡಲಿಲ್ಲ.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ವಾಪಸು ಬಂದೆವು. ಕೆರೆ ಏರಿ ದಾಟುವಾಗ ಅತ್ತೆ ಆ ಕಡೆಗೆ ನೋಡಲಿಲ್ಲ, ಮಡಿಲಲ್ಲಿದ್ದ ಚೀಲವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಹೆಬ್ಬೂರು ಬರುವಷ್ಟರಲ್ಲಿ ಎಚ್ಚರವಿದ್ದಂತೆ ಕಂಡಿತು. ಒಳ್ಳೆಯ ಮನಸ್ಸಿನಲ್ಲಿದ್ದಾರೆ ಅಂದುಕೊಂಡು ಹೊಸ ಪ್ಲೇಟಿನ ವಿಚಾರ ತೆಗೆದೆ. ಕಂಪನಿಯವರು ಮತ್ತೆ ಬರೆದಿದ್ದಾರೆ, ಯಾವುದಾದರೂ ಒಂದು ಹಾಡು ಹೇಳಿಕೊಡಿ ಅತ್ತೆ ಅಂದೆ.

"ನನ್ನ ಹತ್ತಿರ ಎಲ್ಲಿದೆ ಮಗು ಹಾಡು? ಹಾಡು ಕಟ್ಟೋನು ನೀನು. ನಾನು ಅಡಿಗೆಯವಳು" ಅಂದರು. ಸಿಟ್ಟಿಲ್ಲ, ಏನಿಲ್ಲ, ಮೆಲ್ಲಗೆ ಅಂದರು.

ಹಾಡು ಕೊಡಲಿಲ್ಲ, ನಿಜ. ಆದರೆ ನಿನ್ನೆ ನಾಲ್ಕು ಜನರೆದುರು ಹೇಳಿದ್ದು ನನ್ನ ಮಾನ ಕಾಯುವುದಕ್ಕೋ ಏನೋ ಅಂತ ರಾತ್ರಿಯೆಲ್ಲ ಒಂದು ಅನುಮಾನ ಕೊರೆಯುತ್ತಿತ್ತು. ಇವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ, ನಾವಿಬ್ಬರೇ. ಆಗಲೂ ಅದೇ ಮಾತು ಹೇಳಿದರು. ಇಷ್ಟು ದಿನಕ್ಕೆ ಅತ್ತೆಯೂ ಒಪ್ಪಿಕೊಂಡರು. ನನಗೆ ತುಂಬ ಸಂತೋಷವಾಯಿತು.